ಹೊಟ್ಟೆಹುಣ್ಣಿನಿಂದ ರಕ್ತ ಹೋದಾಗ ಡ್ರಿಪ್ಪೇ ಬೇಕಾ, ಮಾತ್ರೆ ಸಾಕಾ?

ಉಡುಪಿಯಿಂದ ಪ್ರಶ್ನೆ: ಹೊಟ್ಟೆಹುಣ್ಣಿನಿಂದ ರಕ್ತ ಹೋಗಿ ಅಪ್ಪ ಅಡ್ಮಿಟ್ ಆಗಿದ್ದಾರೆ. ಎಂಡೋಸ್ಕೋಪಿ ಆಯ್ತು. ಪಕ್ಕದ ಬೆಡ್‌ನವರಿಗೆ ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಔಷಧಿ) ಡ್ರಿಪ್ ಹೋಗ್ತಾ ಉಂಟು, ಅಪ್ಪನಿಗೆ ಅದೇ ಔಷಧಿಯ ಮಾತ್ರೆ ಮಾತ್ರ. ಸಾಕಾಗುತ್ತಾ? ಅನುಭವ ಇದ್ದವರು ಹೇಳಿ.

ಸುರತ್ಕಲ್‌ನಿಂದ: ನಮ್ಮ ಮಾವನವರು ಮಂಡಿನೋವಿಗೆ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ (ನೋವಿನ ಮಾತ್ರೆ, ಇದರಿಂದ ಹೊಟ್ಟೆಹುಣ್ಣು ಆಗಬಹುದು) ತಂದು ನುಂಗುತ್ತಿದ್ದರು. ಒಂದು ದಿನ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟು, ಒಳಗೆ ರಕ್ತ ಹೋದ ಗುರುತು. ಬಚ್ಚಲಿಂದ ಹೊರಗೆ ಬರುವಾಗಲೇ ತಲೆ ತಿರುಗಿ ಗೋಡೆ ಹಿಡಿದುಕೊಂಡರು. ಎಂಡೋಸ್ಕೋಪಿಯಲ್ಲಿ ಹುಣ್ಣಿನ ತಳದಲ್ಲಿ ರಕ್ತನಾಳವೇ ಕಾಣುತ್ತಿತ್ತು. ರಕ್ತ ನಿಲ್ಲಲು ಅದಕ್ಕೆ ಕ್ಲಿಪ್ ಹಾಕಿದರು. ಪ್ಯಾಂಟೊಪ್ರಜೋಲ್ ಮೊದಲು 80 ಮಿ.ಗ್ರಾಂ. ಒಟ್ಟಿಗೆ, ಆಮೇಲೆ ಗಂಟೆಗೆ 8 ಮಿ.ಗ್ರಾಂ. ಲೆಕ್ಕದಲ್ಲಿ 72 ಗಂಟೆ ಪಂಪ್‌ನಲ್ಲಿ ಕೊಟ್ಟರು. ಹೆಪ್ಪುಗಟ್ಟಿದ ರಕ್ತ ಹೊಟ್ಟೆಯ ಆಮ್ಲಕ್ಕೆ ಕರಗುತ್ತದೆ, ಮತ್ತೆ ರಕ್ತ ಬರುವುದು ಹೆಚ್ಚಾಗಿ ಆ ಮೂರು ದಿನದಲ್ಲೇ, ಅದಕ್ಕೆ ಅಷ್ಟು ಬಿಗಿ. ನಿಮ್ಮ ಎಂಡೋಸ್ಕೋಪಿ ರಿಪೋರ್ಟ್‌ನಲ್ಲಿ ‘ಫಾರೆಸ್ಟ್’ (ರಕ್ತ ಹೋಗುವ ಹುಣ್ಣಿನ ದರ್ಜೆ) ಅಂತ ಉಂಟಾ ನೋಡಿ. ಮುಂದೆ 3 ಇದ್ದರೆ ಹುಣ್ಣಿನ ತಳ ಸ್ವಚ್ಛ ಇದೆ ಅಂತ. ಅದಕ್ಕೆ ಮಾತ್ರೆಯೇ ಸರಿ. ಪಕ್ಕದ ಬೆಡ್‌ನವರ ಹುಣ್ಣೇ ಬೇರೆ ಇರಬಹುದು ಮಾರಾಯ್ರೆ.

ಮಣಿಪಾಲದಿಂದ, ವಾರ್ಡ್ ನರ್ಸ್: ಡ್ರಿಪ್ ಅಂದರೆ ದೊಡ್ಡ ಔಷಧಿ, ಮಾತ್ರೆ ಅಂದರೆ ಚಿಕ್ಕದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕಾಶ್ಮೀರದ ವೈದ್ಯರು ಒಮೆಪ್ರಜೋಲ್ (ಪ್ಯಾಂಟೊಪ್ರಜೋಲ್ ಜಾತಿಯದೇ ಔಷಧಿ) 40 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಐದು ದಿನ ಬಾಯಿಯಿಂದಲೇ ಕೊಟ್ಟು ಮತ್ತೆ ರಕ್ತ ಹೋಗುವುದು ಕಡಿಮೆಯಾದದ್ದನ್ನು 1997ರಲ್ಲೇ ತೋರಿಸಿದ್ದಾರೆ. ಆದರೆ ವಾಂತಿ ಆಗುತ್ತಿದ್ದರೆ, ಬಿಪಿ ಬಿದ್ದಿದ್ದರೆ ಡ್ರಿಪ್ಪೇ. ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಜಜ್ಜಿ ಗಂಜಿಗೆ ಬೆರೆಸಬೇಡಿ, ಮೇಲಿನ ಕೋಟಿಂಗ್ ಹೋದರೆ ಆಮ್ಲವೇ ಔಷಧಿಯನ್ನು ಹಾಳು ಮಾಡುತ್ತದೆ.

ಬಂಟ್ವಾಳದಿಂದ: ಎಚ್. ಪೈಲೋರಿ (ಹೊಟ್ಟೆಹುಣ್ಣು ಮಾಡುವ ಬ್ಯಾಕ್ಟೀರಿಯಾ) ಟೆಸ್ಟ್ ಆಗಿದೆಯಾ ಕೇಳಿ. ರಕ್ತ ಹೋಗುವ ಸಮಯದಲ್ಲಿ ನೆಗೆಟಿವ್ ಬಂದರೆ ನಂಬುವ ಹಾಗಿಲ್ಲ, ಆಮೇಲೆ ಇನ್ನೊಮ್ಮೆ ಮಾಡಿಸಬೇಕು. ನನ್ನ ತಮ್ಮನಿಗೆ ಎರಡನೇ ಸಲವೇ ಸಿಕ್ಕಿದ್ದು. ಮತ್ತೆ, ಹಾರ್ಟಿಗೆ ಆಸ್ಪಿರಿನ್ ತೆಗೆದುಕೊಳ್ಳುವವರಾದರೆ ನೀವೇ ನಿಲ್ಲಿಸಬೇಡಿ, ಡಾಕ್ಟ್ರ ಹತ್ತಿರ ಕೇಳಿ.