ಮನೆಯ ತಾಪತ್ರಯದ ನಡುವೆ ಬರವಣಿಗೆ: ನೀವು ಹೇಗೆ ಹೊಂದಿಸಿಕೊಂಡಿರಿ?

ಗಂಗಾವತಿಯಿಂದ ಕೇಳಿದವರು:
ತೀರಿಹೋದ ನನ್ನ ಅವ್ವನ ಬಗ್ಗೆ ಬರೆಯಬೇಕೆಂದು ಎರಡು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಆಗಿರುವುದು 11 ಪುಟ. ಬರೆಯಲು ಕೂತ ದಿನವೇ ನೀರಿನ ಮೋಟಾರು ಕೆಡುತ್ತದೆ, ಇಲ್ಲವೇ ಮಗನಿಗೆ ಜ್ವರ ಬರುತ್ತದೆ, ಇಲ್ಲವೇ ಗ್ಯಾಸ್ ಮುಗಿಯುತ್ತದೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಬೆಳಗಿನ ನಾಲ್ಕಕ್ಕೆ ಏಳು ಎಂದು ಎಲ್ಲರೂ ಹೇಳುತ್ತಾರೆ. ಒಂದು ವಾರ ಎದ್ದೆ, ಮಧ್ಯಾಹ್ನ ಒಲೆಯ ಮುಂದೆ ತೂಕಡಿಸಿದೆ. ಇಂಥ ಮನೆಯಲ್ಲಿದ್ದುಕೊಂಡೇ ಬರೆಯುತ್ತಿರುವವರು ನಿಮ್ಮ ಅನುಭವ ಹೇಳಿ.

ಹಟ್ಟಿಯಿಂದ:
ತಂಗಿ, ನಾಲ್ಕು ಗಂಟೆಯ ಮಾತನ್ನು ಮೊದಲು ಬಿಟ್ಟುಬಿಡು. ನನ್ನ ಯಜಮಾನರದು ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿಯ ಪಾಳಿ ಎಂದು ಬದಲಾಗುತ್ತಲೇ ಇರುತ್ತದೆ. ಅವರ ನಿದ್ದೆ, ಊಟ, ಬುತ್ತಿ ಎಲ್ಲವೂ ಅದರ ಹಿಂದೆಯೇ ಓಡುವ ಮನೆಯಲ್ಲಿ ಗಡಿಯಾರ ನೋಡಿ ಬರೆಯುವುದು ಆಗದ ಮಾತು. ಹತ್ತು ವರ್ಷ ನಾನೂ ಅದಕ್ಕೇ ಒದ್ದಾಡಿದೆ.

ದಾರಿ ಸಿಕ್ಕಿದ್ದು ರೊಟ್ಟಿ ಬಡಿಯುವಾಗ. ಯಾವ ಪಾಳಿಯಾದರೂ ದಿನಕ್ಕೆ ಇಪ್ಪತ್ತು ರೊಟ್ಟಿ ತಪ್ಪುವುದಿಲ್ಲ. ಎಸರಿಟ್ಟು, ಹಿಟ್ಟು ನಾದಿ, ಮೊದಲ ರೊಟ್ಟಿ ಹಂಚಿಗೆ ಬಿದ್ದ ಮೇಲೆ ಕೈಗೆ ತನ್ನ ಕೆಲಸ ಗೊತ್ತು. ಕೈ ಹಿಟ್ಟಾಗಿರುವಾಗ ಮನೆಯಲ್ಲಿ ಯಾರೂ ನನ್ನನ್ನು ಕರೆಯುವುದೂ ಇಲ್ಲ. ಅಷ್ಟು ಹೊತ್ತು ಒಂದೇ ಒಂದು ವಾಕ್ಯವನ್ನು ಬಾಯೊಳಗೇ ಹೇಳಿಕೊಳ್ಳುತ್ತೇನೆ. ಮೊದಲ ರೊಟ್ಟಿಗೆ "ನಮ್ಮ ಅಜ್ಜಿ ಬಹಳ ಕಷ್ಟಪಟ್ಟಳು" ಎಂದಿದ್ದದ್ದು ಐದನೆಯದಕ್ಕೆ "ಅಜ್ಜಿ ಹತ್ತಿ ಬಿಡಿಸಲು ಹೋಗುತ್ತಿದ್ದಳು" ಎಂದಾಯಿತು. ಹಿಟ್ಟು ಮುಗಿಯುವ ಹೊತ್ತಿಗೆ "ಹತ್ತಿಕಾಯಿಯ ಒಣ ತುದಿ ಚುಚ್ಚಿ ಅಜ್ಜಿಯ ಬೆರಳೆಲ್ಲ ಗೀರುಬಿದ್ದಿರುತ್ತಿತ್ತು, ಆ ಬೆರಳಲ್ಲೇ ರಾತ್ರಿ ಖಾರ ಅರೆಯುತ್ತಿದ್ದಳು" ಎಂಬಲ್ಲಿಗೆ ಬಂದು ನಿಂತಿತು. ಕುರ್ಚಿಯ ಮೇಲೆ ಕೂತಿದ್ದರೆ ಮೊದಲ ವಾಕ್ಯವನ್ನೇ ಬರೆದು ಎದ್ದುಬಿಡುತ್ತಿದ್ದೆ.

ಬೀಸುಕಲ್ಲಿನ ಪದ ಕಟ್ಟಿದ ನಮ್ಮ ಹಿರಿಯರ ಕೈಯಲ್ಲಿ ಕಾಗದವಿರಲಿಲ್ಲ. ಮೂರೇ ಸಾಲಿನ ತ್ರಿಪದಿ ಕಲ್ಲು ತಿರುಗುವ ಲಯಕ್ಕೆ ಬಾಯಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ಉಳಿದುಬಂತು. ಜೋಳ ಬೀಸಿ ಮುಗಿಯಲಿ, ಆಮೇಲೆ ಹಾಡೋಣ ಎಂದು ಅವರು ಕಾಯಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಆದರೆ ಕೈ ತೊಳೆದ ತಕ್ಷಣ ಬರೆದಿಡಬೇಕು. ಸಾರಿಗೆ ಒಗ್ಗರಣೆ ಹಾಕಿ ಬಂದು ಬರೆದರಾಯಿತು ಎಂದರೆ ಹೋಯಿತು. ಒಲೆಯ ಪಕ್ಕದ ಮೊಳೆಗೆ ಹಾಲಿನ ಲೆಕ್ಕದ ಪುಸ್ತಕ ನೇತುಹಾಕಿದ್ದೇನೆ, ಅದರ ಹಿಂದಿನ ಪುಟಗಳು ನನ್ನವು. ಪೆನ್ಸಿಲ್ಲೇ ಇಟ್ಟುಕೋ. ಎಣ್ಣೆ ತಾಗಿದ ಕಾಗದದ ಮೇಲೆ ಬಾಲ್‌ಪೆನ್ ಓಡುವುದಿಲ್ಲ. ದೀಪಾವಳಿಯಿಂದ ಯುಗಾದಿಯವರೆಗೆ ಅಜ್ಜಿಯ ಮೇಲೆ ನಲವತ್ತು ಪುಟ ಆಗಿದೆ.

ಕೊಪ್ಪಳದಿಂದ:
ನಾನು ಗಂಡಸು, ರೊಟ್ಟಿಯ ಅನುಭವವಿಲ್ಲ. ತೋರಣಗಲ್ಲಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಗಿಣಿಗೇರಾ ದಾಟಿದ ಮೇಲೆ ಮೊಬೈಲ್‌ನಲ್ಲಿ ಬರೆಯಲು ಶುರುಮಾಡಿದರೆ ಮುನಿರಾಬಾದಿನ ಆಚೆ ತುಂಗಭದ್ರೆಯ ಸೇತುವೆ ಬರುವುದರೊಳಗೆ ಒಂದು ಪುಟ ಆಗುತ್ತಿತ್ತು. ಆಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಕೆಲಸ ಬಿಟ್ಟು ಮನೆಯಲ್ಲಿ ನಿಂತೆ. ಏಳು ತಿಂಗಳು ಕಥೆಯೆಂಬುದು ತಲೆಗೇ ಬರಲಿಲ್ಲ.

ಆ ತಿಂಗಳುಗಳಲ್ಲಿ ನಾನು ಮಾಡಿದ್ದು ಇಷ್ಟೇ: ಔಷಧಿಯ ಚೀಟಿಗಳನ್ನು ಇಟ್ಟಿದ್ದ ಡೈರಿಯಲ್ಲಿ ತಾರೀಖು ಹಾಕಿ ಒಂದು ಸಾಲು. "ಇಂದು ಎಡಗೈ ಹೆಬ್ಬೆರಳು ಅಲ್ಲಾಡಿತು." "ಇಂದು ಅಪ್ಪ ನನ್ನನ್ನು ತಮ್ಮನ ಹೆಸರಿನಿಂದ ಕರೆದರು." ಡಾಕ್ಟರು ಕೇಳಿದಾಗ ಅದು ನೆರವಾಯಿತು. ಈಗ ಬರೆಯುವುದೆಲ್ಲ ಆ ಸಾಲುಗಳಿಂದಲೇ ಹುಟ್ಟುತ್ತಿದೆ. ತಾಯಿ, ಮಗನಿಗೆ ಜ್ವರ ಬಂದ ದಿನ ಬರೆಯಲಾಗಲಿಲ್ಲ ಎಂದು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆ ದಿನದ ತಾರೀಖು ಮತ್ತು ಜ್ವರದಲ್ಲಿ ಅವನು ಏನು ಕನವರಿಸಿದ ಎಂಬುದನ್ನು ಮಾತ್ರ ಬರೆದಿಡಿ.

ಮಾನ್ವಿಯಿಂದ:
ಹಟ್ಟಿಯ ಅಕ್ಕನವರ ಉಳಿದ ಮಾತೆಲ್ಲ ಸರಿ, ಹಾಲಿನ ಪುಸ್ತಕದ ಹಿಂದೆ ಬರೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಾನೂ ಹಾಗೇ ಯಾರಿಗೂ ತಿಳಿಯದಂತೆ ಬರೆದೆ. ಒಂದು ದಿನ ಹಳೆಯ ಪೇಪರಿನ ಜೊತೆ ಆ ಪುಸ್ತಕವೂ ರದ್ದಿಗೆ ಹೋಯಿತು. ಮನೆಯವರದು ತಪ್ಪಿಲ್ಲ, ಅದು ಏನೆಂದು ನಾನು ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಅತ್ತುಕೊಂಡೇ ಮನೆಯವರಿಗೆ ಹೇಳಿದೆ. ಈಗ ಊಟವಾದ ಮೇಲೆ ಅರ್ಧ ಗಂಟೆ ಬಾಗಿಲು ಹಾಕಿಕೊಂಡರೆ ಮಕ್ಕಳೂ ಬಡಿಯುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಅತ್ತೆಯವರಿಗೆ ಒಂದು ಪುಟ ಓದಿ ಹೇಳಿ. ನಿಮ್ಮ ಅವ್ವ ಅವರಿಗೆ ಬೀಗತಿಯಲ್ಲವೇ? ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರಬಹುದು.

ಗಂಗಾವತಿಯಿಂದ, ಎರಡು ದಿನದ ನಂತರ:
ನಿನ್ನೆ ರಾತ್ರಿ ಅತ್ತೆಯವರಿಗೆ ಮಾತ್ರೆ ಕೊಟ್ಟು ಮೊದಲ ಪುಟ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿನ್ನ ಮದುವೆಯ ದಿನ ನಿಮ್ಮವ್ವ ಊಟಕ್ಕೇ ಕೂಡಲಿಲ್ಲ. ಬೀಗರೆಲ್ಲ ಉಂಡು ಎದ್ದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿದು ಚಪ್ಪರದ ಕಂಬಕ್ಕೆ ಒರಗಿ ಮಲಗಿಬಿಟ್ಟಳು. ನಾನೇ ಚಾದರ ಹೊದಿಸಿದೆ" ಎಂದರು. ಇದು ನನಗೆ ಗೊತ್ತೇ ಇರಲಿಲ್ಲ. ಆ ಹೊತ್ತಿನಲ್ಲಿ ಪೆನ್ಸಿಲ್ ಸಿಗಲಿಲ್ಲ, ಮಗನ ಸ್ಕೆಚ್ ಪೆನ್ನಿನಲ್ಲೇ ಬರೆದಿಟ್ಟೆ.