ಅಜ್ಜನ ಚಿನ್ನದ ಪಾಕೆಟ್ ವಾಚ್: ಹೋರಿ ಮೇಲೆ ಕೂತಿರುವ ಹೆಂಗಸು ಯಾರು?

ಗಾಂಧಿಬಜಾರ್ ಹುಡುಗ:
ಮನೆ ಖಾಲಿ ಮಾಡುವಾಗ ಅಜ್ಜನ ಟ್ರಂಕಿನಲ್ಲಿ ಕೀ ಹಾಕಿ ತಿರುಗಿಸುವ ಹಳೇ ಚಿನ್ನದ ಪಾಕೆಟ್ ವಾಚ್ ಸಿಕ್ಕಿತು. ಹಿಂದಿನ ಮುಚ್ಚಳದ ಮೇಲೆ ಬಣ್ಣದ ಚಿತ್ರ: ಬಿಳಿ ಹೋರಿ, ಕೊಂಬಿಗೆ ಹೂವಿನ ಹಾರ, ಬೆನ್ನ ಮೇಲೆ ಒಬ್ಬ ಹೆಂಗಸು, ಕೆಳಗೆ ನೀರು. ಅಜ್ಜಿ ಅದನ್ನು ನಂದಿ ಮೇಲಿನ ಪಾರ್ವತಿ ಎಂದೇ ನಂಬಿದ್ದರು, ಪ್ರತಿ ಆಯುಧಪೂಜೆಗೂ ಕುಂಕುಮ ಇಡುತ್ತಿದ್ದರು. ಈಗ ಹೋರಿಯ ಕುತ್ತಿಗೆ ಹತ್ತಿರ ಕೂದಲೆಳೆಯಷ್ಟು ಬಿರುಕು, ಅದರೊಳಗೆ ಕುಂಕುಮ ಸೇರಿ ಗಾಯದ ಥರ ಕಾಣುತ್ತದೆ. ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಣ್ಣ ಎದ್ದಿದೆ. ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಮೆಷಿನ್‌ಗೆ ಹಾಕಿ ತೊಳೆದು ಬಣ್ಣ ತುಂಬಿಸಿ ಕೊಡ್ತೀವಿ ಅಂದರು. ಕೊಡಲಾ? ಭಾವ ಬೇರೆ, ಅಮೆರಿಕಕ್ಕೆ ತಗೊಂಡು ಹೋಗಿ ಮಾರೋಣ ಅಂತಿದ್ದಾರೆ.

ವಾಚ್ ರಿಪೇರಿಯವನು:
ಕೊಡಬೇಡಿ ಸ್ವಾಮಿ! ಅದು ಪೇಂಟ್ ಅಲ್ಲ, ಎನಾಮೆಲ್, ಅಂದರೆ ಗಾಜು. ಬಣ್ಣದ ಗಾಜಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಸಣ್ಣ ಕುಂಚದಲ್ಲಿ ಚಿತ್ರ ಬರೆದು, ಸುಮಾರು 800 ಡಿಗ್ರಿ ಶಾಖದಲ್ಲಿ ಸುಡುತ್ತಾರೆ, ಅದೂ ಒಂದು ಸಲ ಅಲ್ಲ, ಮತ್ತೆ ಮತ್ತೆ. ಸ್ವಿಟ್ಜರ್ಲೆಂಡಿನ ಜಿನೀವಾದವರು ಕೊನೆಗೆ ಮೇಲೊಂದು ಬಣ್ಣವಿಲ್ಲದ ಗಾಜಿನ ಪದರ ಕೊಡುತ್ತಿದ್ದರು, ಆ ಹೊಳಪು ಅದರದ್ದು. ಅಂಗಡಿಯವರ ಮೆಷಿನ್ ಅಂದರೆ ಅಲ್ಟ್ರಾಸಾನಿಕ್, ಕಿವಿಗೆ ಕೇಳದ ಶಬ್ದದಿಂದ ನೀರನ್ನು ನಡುಗಿಸಿ ತೊಳೆಯುವುದು. ಆ ನಡುಕಕ್ಕೆ ಬಿರುಕು ಬಿಟ್ಟ ಎನಾಮೆಲ್ ಚಕ್ಕೆ ಚಕ್ಕೆಯಾಗಿ ಉದುರಬಹುದು. ಬಣ್ಣ ತುಂಬಿಸೋದು ಅಂದರೆ ಸಾಮಾನ್ಯವಾಗಿ ರೆಸಿನ್, ಅಂದರೆ ಪ್ಲಾಸ್ಟಿಕ್ಕಿನಂಥ ಅಂಟು, ಮೆತ್ತುವುದು. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದರೆ ತೇಪೆ ಎಷ್ಟೋ ಸಲ ಬೇರೆಯಾಗಿಯೇ ಹೊಳೆಯುತ್ತದೆ, ತಿಳಿದ ಗಿರಾಕಿ ಮೊದಲು ನೋಡೋದೇ ಅದನ್ನ.
ಇನ್ನೊಂದು, ಸುಮ್ನೆ ಕೀ ಕೊಟ್ಟು ನೋಡಬೇಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ.

ಮಲ್ಲೇಶ್ವರಂ ಮೇಡಂ:
ಪಾರ್ವತಿ ಅಲ್ಲಪ್ಪ, ಯುರೋಪಾ! ಗ್ರೀಕರ ದೇವರಾಜ ಜೀಯಸ್ ಬಿಳಿ ಹೋರಿಯ ವೇಷ ಹಾಕಿ, ಫೀನಿಷಿಯಾದ ರಾಜಕುಮಾರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಸಮುದ್ರ ದಾಟಿ ಕ್ರೀಟ್ ದ್ವೀಪಕ್ಕೆ ಹೊತ್ತೊಯ್ದ. ವೇಷ ಹಾಕುವುದರಲ್ಲಿ ನಮ್ಮ ಇಂದ್ರನ ಅಣ್ಣ ಅವನು. ಇಂಥ ಪುರಾಣದ ಚಿತ್ರಗಳು 17ನೇ ಶತಮಾನದಿಂದಲೂ ವಾಚಿನ ಮೇಲೆ ಬಂದಿವೆ. ಫ್ರಾನ್ಸಿನ ಬ್ಲ್ವಾ ಊರು, ಆಮೇಲೆ ಜಿನೀವಾದ ಹ್ವೋ ಎಂಬ ಎನಾಮೆಲ್ ಚಿತ್ರಕಾರರ ಮನೆತನ ಇದಕ್ಕೆ ಹೆಸರುವಾಸಿ. ದೊಡ್ಡ ಚಿತ್ರಕಾರರ ಕೆಲಸದ ಅಚ್ಚುಚಿತ್ರ ಎದುರಿಗಿಟ್ಟುಕೊಂಡು ನಕಲು ಮಾಡುತ್ತಿದ್ದುದೇ ಜಾಸ್ತಿ.

ಅನುಮಾನಪ್ಪ:
ಎಲ್ಲರೂ ಆಗಲೇ ಅಸಲಿ ಅಂತ ತೀರ್ಮಾನ ಮಾಡಿಬಿಟ್ರಾ? 10 ಪಟ್ಟು ದೊಡ್ಡದು ಮಾಡುವ ಐಗ್ಲಾಸ್ ಹಿಡಿದು ನೋಡಿ. ಸಾಲಾಗಿ ಚುಕ್ಕೆ ಕಂಡರೆ ಪ್ರಿಂಟ್. ಮುಚ್ಚಳದ ಒಳಮೈಯಲ್ಲೂ ಎನಾಮೆಲ್ ಇದೆಯಾ ನೋಡಿ. ಒಂದೇ ಕಡೆ ಗಾಜು ಹಾಕಿ ಸುಟ್ಟರೆ ತೆಳ್ಳಗಿನ ತಗಡು ಸೊಟ್ಟಗಾಗುತ್ತದೆ, ಅದಕ್ಕೇ ಒಳಗೂ ಹಾಕುತ್ತಿದ್ದರು.
ಭಾವನಿಗೂ ಹೇಳಿ, 100 ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾನೂನು ಇದೆ. ಪುರಾತತ್ವ ಇಲಾಖೆಯನ್ನು ಕೇಳದೆ ಸೂಟ್‌ಕೇಸಿಗೆ ಹಾಕಿಕೊಂಡು ವಿಮಾನ ಹತ್ತಿದರೆ ಕಷ್ಟ.

ಗಾಂಧಿಬಜಾರ್ ಹುಡುಗ:
ನೋಡಿದೆ. ಚುಕ್ಕೆ ಇಲ್ಲ. ಹೋರಿಯ ಕಣ್ಣಲ್ಲಿ ಕುಂಚದ ತುದಿಯಿಂದ ಇಟ್ಟ ಒಂದೇ ಒಂದು ಬಿಳಿ ಬೊಟ್ಟು, ಮುಚ್ಚಳದ ಒಳಗಡೆ ಪೂರ್ತಿ ನೀಲಿ ಎನಾಮೆಲ್. ಕುಂಕುಮ ಮಾತ್ರ ತೆಗೀಬೇಕಾ?

ವಾಚ್ ರಿಪೇರಿಯವನು:
ಬೇಡ. ನೀರು ತಾಗಿಸಿದರೆ ಬಿರುಕಿನೊಳಗೆ ಇಳಿಯುತ್ತದೆ. ಮೇಲಿನ ಧೂಳನ್ನು ಮೆತ್ತಗಿನ ಒಣ ಬ್ರಷ್‌ನಲ್ಲಿ ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಗಾಂಧಿಬಜಾರ್ ಹುಡುಗ:
ಹಾಗೇ ಮಾಡಿದೆ. ಭಾವನಿಗೆ ಕಾನೂನು ಓದಿ ಹೇಳಿದೆ, ಕಾಫಿ ಕುಡಿಯದೇ ಎದ್ದು ಹೋದರು.