ಮುನ್ನೂರು ಕುದುರೆ, ಎಂಟು ಕಿಲೋಮೀಟರ್

ನಮ್ಮ ನಾಲ್ಕು ಜನರ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಕಾರು ನನ್ನದು. ಎಲ್ಲರಿಗಿಂತ ತಡವಾಗಿ ಬರುವವನೂ ನಾನೇ.

ಮೊನ್ನೆ ಭಾನುವಾರವೂ ಹಾಗೇ ಆಯಿತು. ಡಾಕ್ಟರ್ ಮನೆಯ ಮೆಟ್ಟಿಲ ಮೇಲೆ ಮೂವರೂ ಆಗಲೇ ಕೂತಿದ್ದರು. ಡಾಕ್ಟರ್ ನನ್ನ ಜೊತೆ ಓದಿದವನು. ಲೆಕ್ಕದ ಮೇಷ್ಟ್ರು ನಮಗಿಂತ ಹಿರಿಯರು, ಹಳೇ ಸ್ಕೂಟರಿನಲ್ಲಿ ಬರುತ್ತಾರೆ. ನಾಲ್ಕನೆಯವನಿಗೆ ಗ್ಯಾರೇಜ್ ಇದೆ, ಹಾಗಾಗಿ ಅವನ ಹೆಸರೇ ಈಗ ಗ್ಯಾರೇಜ್. ಅವನದು ಹದಿನೈದು ವರ್ಷದ ಸಣ್ಣ ಕಾರು. ಒಂದು ಬಾಗಿಲು ಬೇರೆ ಬಣ್ಣದ್ದು.

"ಬಂತಪ್ಪ ರಾಕೆಟ್ಟು," ಅಂದರು ಮೇಷ್ಟ್ರು. "ನಾನು ಬಂದು ಇಪ್ಪತ್ತು ನಿಮಿಷ ಆಯಿತು. ಎಲ್ಲಿ ಸಿಕ್ಕಿಹಾಕಿಕೊಂಡೆ?"

"ಎಲ್ಲೂ ಇಲ್ಲ ಮೇಷ್ಟ್ರೇ. ಆಯಿಲ್ ಬಿಸಿಯಾಗಬೇಕಿತ್ತು."

ಮೂವರೂ ನಕ್ಕರು. ಆದರೆ ಇದು ತಮಾಷೆಯಲ್ಲ. ಎಂಜಿನ್ನಿನ ನೀರು ಬೇಗ ಬಿಸಿಯಾಗುತ್ತದೆ, ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತದೆ. ಆಯಿಲ್ ಬಿಸಿಯಾಗಲು ಇನ್ನೂ ಜಾಸ್ತಿ ಹೊತ್ತು ಬೇಕು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಒಳಗಿರುವ ಸಣ್ಣ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅದನ್ನು ಕಾಪಾಡುವುದು ಆಯಿಲಿನ ಒಂದು ತೆಳ್ಳನೆ ಪದರ, ಅಷ್ಟೇ. ತಣ್ಣಗಿರುವಾಗ ಆಯಿಲ್ ಮಂದವಾಗಿರುತ್ತದೆ, ಆಗ ಆಕ್ಸಿಲರೇಟರ್ ತುಳಿಯಬಾರದು. ಹಾಗಂತ ನಿಂತಲ್ಲೇ ಎಂಜಿನ್ ಓಡಿಸಿ ಬಿಸಿ ಮಾಡುವುದೂ ಸರಿಯಲ್ಲ ಅಂತ ಗ್ಯಾರೇಜೇ ನನಗೆ ಹೇಳಿಕೊಟ್ಟದ್ದು. ಮೆಲ್ಲಗೆ ಓಡಿಸುತ್ತಾ ಬಿಸಿ ಮಾಡಬೇಕು. ನಮ್ಮ ಮನೆಯಿಂದ ಡಾಕ್ಟರ್ ಮನೆಗೆ ಎಂಟು ಕಿಲೋಮೀಟರ್. ಆಯಿಲ್ ಬಿಸಿಯಾಗುವ ಹೊತ್ತಿಗೆ ಅವನ ಗೇಟು ಬಂದಿರುತ್ತದೆ.

"ನಿನ್ನ ಕಾರು 100ರ ವೇಗಕ್ಕೆ ಎಷ್ಟು ಹೊತ್ತಿನಲ್ಲಿ ಹೋಗುತ್ತೆ ಅಂದಿದ್ದೆ?" ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಅವರು ಕಣ್ಣು ಮುಚ್ಚಿದರೆ ಯಾರಿಗೋ ಗ್ರಹಚಾರ ಕಾದಿದೆ ಅಂತಲೇ ಅರ್ಥ.

"ಐದು ಸೆಕೆಂಡ್."

"ಹಾಗಾದರೆ ಸುಮಾರು 70 ಮೀಟರ್ ಖಾಲಿ ರಸ್ತೆ ಬೇಕು. ಆಮೇಲೆ ನಿಲ್ಲಿಸಲಿಕ್ಕೆ ಬೇರೆ ಜಾಗ. ಕೊನೆಯ ಸಲ 70 ಮೀಟರ್ ಖಾಲಿ ರಸ್ತೆ ನೋಡಿದ್ದು ಯಾವಾಗ?"

ಯೋಚಿಸಿದೆ. "ಮಂಗಳವಾರ."

"ಎಷ್ಟು ಹೊತ್ತಿಗೆ?"

"ಬೆಳಗ್ಗೆ ಐದೂವರೆಗೆ."

"ಏನು ಮಾಡಿದೆ?"

"ಏನೂ ಇಲ್ಲ. ಆಯಿಲ್ ತಣ್ಣಗಿತ್ತು."

ಡಾಕ್ಟರ್ ಮೆಟ್ಟಿಲು ಬಡಿದು ನಕ್ಕ. ಅವನಿಗೆ ಆ ಐದೂವರೆಯ ಬಗ್ಗೆ ಬೇರೆಯೇ ಸಂಶಯ. "ಅಷ್ಟು ಹೊತ್ತಿಗೆ ಅದನ್ನು ಸ್ಟಾರ್ಟ್ ಮಾಡಿದೆಯಾ? ಪಕ್ಕದ ಮನೆಯವರು ಇನ್ನೂ ನಿನ್ನ ಜೊತೆ ಮಾತಾಡುತ್ತಾರಾ?"

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಬೆಳಗ್ಗೆ ಬಟನ್ ಒತ್ತಿದ ಕೂಡಲೇ ನನ್ನ ಕಾರು ಕಿರುಚುವುದು ಜಂಬಕ್ಕಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಕಾರಿನ ಕಂಪ್ಯೂಟರು ಎಂಜಿನ್ ಸುತ್ತು ಏರಿಸಿ, ಕಿಡಿಯನ್ನು ಸ್ವಲ್ಪ ತಡ ಮಾಡಿ, ಬಿಸಿ ಹೊಗೆಯನ್ನು ಆ ಕಡೆ ತಳ್ಳುತ್ತದೆ. ಎಲ್ಲ ಪೆಟ್ರೋಲ್ ಕಾರುಗಳೂ ಹೆಚ್ಚುಕಮ್ಮಿ ಹೀಗೇ ಮಾಡುತ್ತವೆ. ನನ್ನದರ ಸೈಲೆನ್ಸರಿಗೆ ಮಾತ್ರ ಗಂಟಲು ದೊಡ್ಡದು.

ಇದನ್ನೆಲ್ಲ ಪಕ್ಕದ ಮನೆಯ ಹಿರಿಯರಿಗೂ ವಿವರಿಸಿದ್ದೆ. ಗಾಳಿ ಹಾಳಾಗದಿರಲಿ ಅಂತಲೇ ಸಾರ್ ಈ ಸದ್ದು ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, "ಒಳ್ಳೆಯದಪ್ಪ. ಏಳು ಗಂಟೆ ಮೇಲೆ ಗಾಳಿ ಉಳಿಸು," ಅಂದರು.

"ಹಂಪ್ ಕಥೆ ಹೇಳಲಾ?" ಅಂದ ಗ್ಯಾರೇಜ್.

ಬೇಡ ಅಂದೆ. ಹೇಳಿದ.

ನನ್ನ ಕಾರಿನ ಮುಂದಿನ ಬಂಪರಿನ ಕೆಳಗೆ ಒಂದು ತುಟಿ ಇದೆ, ನೆಲಕ್ಕೆ ಬಹಳ ಹತ್ತಿರ. ಹಂಪ್ ಬಂದರೆ ನಾನು ಹಾಡು ನಿಲ್ಲಿಸುತ್ತೇನೆ. ಕಿಟಕಿ ಇಳಿಸುತ್ತೇನೆ, ಸದ್ದು ಕೇಳಬೇಕಲ್ಲ. ಆಮೇಲೆ ಕಾರನ್ನು ಓರೆ ಮಾಡಿ ಮೊದಲು ಒಂದು ಗಾಲಿ, ಆಮೇಲೆ ಇನ್ನೊಂದು, ಉಸಿರು ಹಿಡಿದು ಹತ್ತಿಸುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆದುಕೊಳ್ಳಲಿ. ಒಮ್ಮೆ ನಾಲ್ವರೂ ಹೋಗುವಾಗ ಒಂದು ದೊಡ್ಡ ಹಂಪ್ ಬಂತು. ಭಾರ ಇಳಿದರೆ ಕಾರು ಒಂದು ಬೆರಳಷ್ಟಾದರೂ ಮೇಲೇಳುತ್ತದೆ ಅಂತ ಮೂವರನ್ನೂ ಇಳಿಸಿದೆ.

"ಇಳಿದು ರಸ್ತೆ ಪಕ್ಕ ನಿಂತೆವು," ಅಂದ ಡಾಕ್ಟರ್. "ದಾರಿಯಲ್ಲಿ ಹೋಗುತ್ತಿದ್ದವರು ಕಾರು ಕೆಟ್ಟಿದೆ ಅಂದುಕೊಂಡು ತಳ್ಳಲು ಬಂದರು."

"ಪಾಪ, ಒಬ್ಬರು ಚಪ್ಪಲಿ ಬಿಟ್ಟು ಬಂದಿದ್ದರು," ಅಂದರು ಮೇಷ್ಟ್ರು.

ಟೈರಿನ ವಿಷಯಕ್ಕೆ ಬಂದಾಗ ಮೇಷ್ಟ್ರು ಎದ್ದೇಬಿಟ್ಟರು. ನನ್ನ ಟೈರಿನ ಮೇಲೆ 245/35 ಆರ್19 ಅಂತ ಬರೆದಿದೆ. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ 35 ಭಾಗ. ಅಂದರೆ ಸುಮಾರು 86 ಮಿಲಿಮೀಟರ್. ಗ್ಯಾರೇಜಿನ ಕಾರಿನದು 195/65 ಆರ್15. ಗೋಡೆ 127 ಮಿಲಿಮೀಟರ್.

"ಅಂದರೆ ದುಡ್ಡು ಜಾಸ್ತಿ ಕೊಟ್ಟು ರಬ್ಬರ್ ಕಮ್ಮಿ ತಂದಿದ್ದೀಯ," ಅಂತ ತೀರ್ಪು ಕೊಟ್ಟರು.

ತಿರುವಿನಲ್ಲಿ ಗಿಡ್ಡ ಗೋಡೆಯ ಟೈರ್ ಬಳುಕುವುದಿಲ್ಲ, ಸ್ಟಿಯರಿಂಗ್ ಹೇಳಿದ ಹಾಗೆ ಕೇಳುತ್ತದೆ ಅಂತ ವಾದಿಸಿದೆ. ಗುಂಡಿಗೆ ಬಿದ್ದಾಗ ಏನಾಗುತ್ತದೆ ಅಂತ ಗ್ಯಾರೇಜ್ ಸುಮ್ನೆ ನನ್ನ ಮುಖ ನೋಡಿದ. ಏನಾಗುತ್ತದೆ ಅಂತ ಅವನಿಗೂ ಗೊತ್ತು. ಕಳೆದ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಕಾಣಲಿಲ್ಲ. ರಿಮ್ ಬಾಗಿತು, ಟೈರಿನ ಪಕ್ಕ ಸೀಳಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ. ಅದರ ಜಾಗದಲ್ಲಿ ಒಂದು ಬಾಟಲಿ ಅಂಟು, ಒಂದು ಪುಟ್ಟ ಪಂಪು. ಆ ಅಂಟು ಮೊಳೆ ಚುಚ್ಚಿದ ತೂತಿಗೆ ಸರಿ, ಸೀಳಿದ ಗೋಡೆಗೆ ಏನೂ ಮಾಡದು. ಲಾರಿ ತರಿಸಿ ಕಾರನ್ನು ಅದರ ಬೆನ್ನ ಮೇಲೆ ಹತ್ತಿಸಿದ್ದಾಯಿತು. ನಾನು ಡ್ರೈವರ್ ಪಕ್ಕ ಕೂತೆ.

"ಈ ಗಾಡಿ ಎಷ್ಟರ ತನಕ ಓಡುತ್ತೆ ಸಾರ್?" ಅಂತ ಕೇಳಿದ.

"250."

ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. "ಈಗ 40ರಲ್ಲಿ ಇದೆ," ಅಂದ.

ಮೈಲೇಜ್ ಬಗ್ಗೆ ಮಾತು ಬಂತು, ನಾನು ಹಾರಿಸಿದೆ. ನೀವೂ ಕೇಳಬೇಡಿ. ಆಕ್ಟೇನ್, ಅಂದರೆ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣ, ಕಮ್ಮಿ ಇರುವ ಪೆಟ್ರೋಲ್ ಹಾಕಿದರೆ ಎಂಜಿನ್ ಅದನ್ನು ಪತ್ತೆ ಹಚ್ಚಿ ಕಿಡಿ ತಡ ಮಾಡುತ್ತದೆ. ನನ್ನ ಎಂಜಿನ್ನಿನದು ಮುನ್ನೂರು ಕುದುರೆಶಕ್ತಿ; ಆ ಕುದುರೆಗಳಲ್ಲಿ ಕೆಲವು ರಜೆ ಹಾಕುತ್ತವೆ.

"ಹಾಕಲಿ ಬಿಡು," ಅಂದ ಡಾಕ್ಟರ್. "ಉಳಿದವಕ್ಕೂ ಏನು ಕೆಲಸ ಕೊಟ್ಟಿದ್ದೀಯ?"

ನನ್ನ ಪರವಾಗಿ ಆ ಸಂಜೆ ಮಾತಾಡಿದವನು ಗ್ಯಾರೇಜ್ ಒಬ್ಬನೇ. ಅದೂ 1976ರ ಕಾರಿನ ನೆಪದಲ್ಲಿ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಅಂದರೆ ಅವನ ದನಿಯೇ ಬದಲಾಗುತ್ತದೆ. 1.6 ಲೀಟರ್ ಎಂಜಿನ್, 110 ಕುದುರೆ, ತೂಕ ಎಂಟುನೂರು ಚಿಲ್ಲರೆ ಕಿಲೋ. ಗೇರ್ ಹಿಡಿಗೆ ಗಾಲ್ಫ್ ಚೆಂಡು. "ವಾರವೆಲ್ಲ ಮಕ್ಕಳನ್ನೂ ಸಾಮಾನನ್ನೂ ಹೊತ್ತು, ರಜೆ ದಿನ ಕುಣಿಯುವ ಕಾರು ಕಣೋ ಅದು," ಅಂದ. "ಈಗಿನ ಜಿಟಿಐ ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ ತೂಗುತ್ತೆ." ಆಮೇಲೆ 1990ರ ಹೋಂಡಾ ಎನ್‌ಎಸ್‌ಎಕ್ಸ್ ಹಿಡಿದ. ಸೂಪರ್ ಕಾರಾದರೂ ದಿನಾ ಓಡಿಸಬಹುದು ಅಂತ ಹೆಸರು ಮಾಡಿದ್ದು, ಅದನ್ನು ತಿದ್ದುವಾಗ ಫಾರ್ಮುಲಾ ಒನ್ ರೇಸ್ ಚಾಂಪಿಯನ್ ಏರ್ಟನ್ ಸೆನ್ನಾ ಓಡಿಸಿ ಸಲಹೆ ಕೊಟ್ಟಿದ್ದರು ಅಂದ.

"ಸೆನ್ನಾ ಆಫೀಸಿಗೆ ಹೋಗುತ್ತಿದ್ದರಾ?" ಮೇಷ್ಟ್ರು ಕೇಳಿದರು.

ಗ್ಯಾರೇಜ್ ಅದಕ್ಕೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿದ. "ನಿನ್ನ ಕಾರಿಗೆ ಕಾಯಿಲೆ ಬರುವುದು ಜೋರಾಗಿ ಓಡಿಸಿ ಅಲ್ಲ. ದಿನಾ ಎಂಟು ಕಿಲೋಮೀಟರ್ ಮೆಲ್ಲಗೆ ಓಡಿಸಿ ನಿಲ್ಲಿಸಿದರೆ ಆಯಿಲಿಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಯಾವುದೂ ಆವಿಯಾಗಿ ಹೋಗಲ್ಲ. ಒಳಗೇ ಉಳಿಯುತ್ತೆ. ವಾರಕ್ಕೊಂದು ಸಲವಾದರೂ ದೂರ ಕರೆದುಕೊಂಡು ಹೋಗು."

"ನಾನೂ ರೋಗಿಗಳಿಗೆ ಇದನ್ನೇ ಹೇಳೋದು," ಅಂದ ಡಾಕ್ಟರ್.

"ಅದಿರಲಿ," ಮೇಷ್ಟ್ರು ನೇರವಾಗಿ ಕೇಳಿದರು. "ಇಷ್ಟೆಲ್ಲ ಪಾಡುಪಟ್ಟು ಯಾಕೆ ಇಟ್ಟುಕೊಂಡಿದ್ದೀಯ?"

ಆಫೀಸಿನಿಂದ ಬರುವ ದಾರಿಯಲ್ಲಿ ಮೇಲ್ಸೇತುವೆ ಇಳಿದ ಮೇಲೆ ಬಲಕ್ಕೆ ಒಂದು ತಿರುವಿದೆ. ಅಷ್ಟು ಹೊತ್ತಿಗೆ, ಟ್ರಾಫಿಕ್ಕಿನ ಪುಣ್ಯದಿಂದ, ಆಯಿಲ್ ಬಿಸಿಯಾಗಿರುತ್ತದೆ. 60ರ ಬೋರ್ಡಿದೆ, 60ರಲ್ಲೇ ಹೋಗುತ್ತೇನೆ. ಮೂರನೇ ಗೇರ್. ಬ್ರೇಕ್ ಚೂರು ಮುಟ್ಟಿದರೆ ಭಾರ ಮುಂದಕ್ಕೆ ಬಂದು ಕೂರುತ್ತದೆ, ಸ್ಟಿಯರಿಂಗ್ ಅಂಗೈಯಲ್ಲಿ ಬಿಗಿಯಾಗುತ್ತದೆ. ರಸ್ತೆಯ ಜಲ್ಲಿಯ ತರಿ ಬೆರಳ ತುದಿಗೆ ತಿಳಿಯುತ್ತದೆ. ಕಾರು ವಾಲುವುದಿಲ್ಲ, ಸೀಟಿನ ಅಂಚು ಪಕ್ಕೆಯನ್ನು ಹಿಡಿದುಕೊಳ್ಳುತ್ತದೆ. ರಸ್ತೆ ನೆಟ್ಟಗಾಗುವ ಹೊತ್ತಿಗೆ ಟರ್ಬೊ ಒಂದು ಸಣ್ಣ ಶಿಳ್ಳೆ ಹಾಕುತ್ತದೆ. ಮುಂದೆ ಸಿಗ್ನಲ್. ಅಷ್ಟೇ.

ಹೇಳಿ ಮುಗಿಸಿದೆ. ಯಾರೂ ನಗಲಿಲ್ಲ.

"ಎಷ್ಟು ಹೊತ್ತು ಇರುತ್ತೆ ಅದು?" ಮೇಷ್ಟ್ರ ದನಿ ಮೆತ್ತಗಾಗಿತ್ತು.

"ಆರು ಸೆಕೆಂಡ್."

ಅವರು ಕಣ್ಣು ಮುಚ್ಚಿದರು. "ದಿನಾ ಹೋದರೂ ವರ್ಷಕ್ಕೆ ಮೂವತ್ತಾರೂವರೆ ನಿಮಿಷ."

"ಭಾನುವಾರ ಆಫೀಸ್ ಇಲ್ಲ ಮೇಷ್ಟ್ರೇ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪಂಚೆ ಕೊಡವಿಕೊಂಡು ಎದ್ದರು. "ನಡಿ. ಆ ತಿರುವು ನಾನೂ ನೋಡಬೇಕು." ಡಾಕ್ಟರ್ ಚಪ್ಪಲಿ ಮೆಟ್ಟಿದ. ಗ್ಯಾರೇಜ್ ಮುಂದಿನ ಸೀಟು ನನಗೆ ಅಂತ ಆಗಲೇ ಬಾಗಿಲಿಗೆ ಕೈ ಹಾಕಿದ್ದ.

ಬಟನ್ ಒತ್ತಿದೆ. ಬೀದಿಯೆಲ್ಲ ಗುಡುಗಿತು. ಎದುರು ಮನೆಯಲ್ಲಿ ಒಂದು ದೀಪ ಹತ್ತಿತು. ಅಭ್ಯಾಸಬಲದಿಂದ ಡ್ಯಾಶ್‌ಬೋರ್ಡ್ ಕಡೆ ನೋಡಿದೆ. ನಾನು ಬಂದು ಮೂರು ಗಂಟೆ ಮೇಲಾಗಿತ್ತು.

"ಒಂದು ಹತ್ತು ನಿಮಿಷ ಮೆಲ್ಲಗೆ ಹೋಗಬೇಕಾಗುತ್ತೆ ಮೇಷ್ಟ್ರೇ," ಅಂದೆ.

ಮೇಷ್ಟ್ರು ನನ್ನನ್ನು ನೋಡಿದರು, ಮುಳ್ಳನ್ನು ನೋಡಿದರು. ಆಮೇಲೆ ಹಿಂದಿನ ಬಾಗಿಲು ಮುಚ್ಚಿ, ತಮ್ಮ ಸ್ಕೂಟರನ್ನು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿದರು.

"ನೀನು ಬಿಸಿ ಮಾಡಿಕೊಂಡು ಬಾ. ನಾನು ತಿರುವಿನ ಹತ್ತಿರ ಕಾಯುತ್ತಿರುತ್ತೇನೆ."